ಬಿಳಿ ಹಾಯಿ, ಕರಿ ಬುಟ್ಟಿ

(ಪಕ್ಷದ ಜಿಲ್ಲಾ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಬೆಳಗಿನಿಂದ ಭೂಮಿ, ಕೂಲಿ, ಪಂಚಾಯಿತಿ ಎಂದು ಚರ್ಚೆ ನಡೆಸಿ ತಾವೆಲ್ಲ ದಣಿದಿದ್ದೀರಿ. ರಾತ್ರಿಯ ಊಟಕ್ಕೆ ಮುಂಚೆ ಒಂದು ಗಂಟೆ ಚಿತ್ರಕಲೆಯ ವಿಚಾರ ಮಾತಾಡಬೇಕೆಂದು ಶಿಬಿರದ ಸಂಚಾಲಕರು ನಮಗೆ ಅಪ್ಪಣೆ ಮಾಡಿದ್ದಾರೆ. ಕಾರ್ಯಕ್ರಮದ ಪಟ್ಟಿ ನೋಡಿದ ಹಿರಿಯ ಸಂಗಾತಿಯೊಬ್ಬರು ಮಧ್ಯಾಹ್ನವೇ ನಮ್ಮನ್ನು ತಡೆದು, "ಏನ್ರೀ ಮೇಷ್ಟ್ರೇ, ಹೊಟ್ಟೆ ಪ್ರಶ್ನೆಯೇ ಬಗೆಹರಿದಿಲ್ಲ, ಫ್ರಾನ್ಸ್ ದೇಶದ ದೋಣಿ ಚಿತ್ರ ಕಟ್ಟಿಕೊಂಡು ನಮಗೇನಾಗಬೇಕು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹೇಳುವುದೇ ಈ ಭಾಷಣದ ಉದ್ದೇಶ. ಉತ್ತರ ಸರಿಯೆನಿಸದಿದ್ದರೆ ಕೊನೆಯಲ್ಲಿ ಎದ್ದು ನಿಂತು ಹೇಳುವ ಹಕ್ಕು ಅವರಿಗೆ ಇದ್ದೇ ಇದೆ.

ಗೋಡೆಗೆ ಅಂಟಿಸಿರುವ ಎರಡು ಚಿತ್ರಗಳನ್ನು ದಯವಿಟ್ಟು ನೋಡಿ. ಇವು ಅಚ್ಚಿನ ಪ್ರತಿಗಳು. ಮೂಲಚಿತ್ರಗಳೆರಡೂ ಪ್ಯಾರಿಸ್ ನಗರದ ಓರ್ಸೇ ವಸ್ತುಸಂಗ್ರಹಾಲಯದ ಸ್ವತ್ತು. ಎಡಗಡೆಯದು 'ಅರ್ಜಾಂತಯ್‌ನ ದೋಣಿ ಪಂದ್ಯ'. ಬರೆದದ್ದು 1872ರ ಸುಮಾರಿಗೆ. ಬಲಗಡೆಯದು 'ಕಲ್ಲಿದ್ದಲು ಇಳಿಸುವವರು'. ಬರೆದದ್ದು 1875ರ ಸುಮಾರಿಗೆ. ಎರಡನ್ನೂ ಬರೆದವನು ಕ್ಲೋದ್ ಮೋನೆ ಎಂಬ ಒಬ್ಬನೇ ಚಿತ್ರಕಾರ. ನದಿಯೂ ಒಂದೇ, ಪ್ಯಾರಿಸ್ಸಿನ ಮೂಲಕ ಹರಿಯುವ ಸೇನ್. ಎರಡರಲ್ಲೂ ದೋಣಿಗಳಿವೆ, ನೀರಿದೆ, ಬೆಳಕಿದೆ. ಆದರೆ ಒಂದರಲ್ಲಿ ಬಿಳಿ ಹಾಯಿ ಇದೆ, ಇನ್ನೊಂದರಲ್ಲಿ ಕರಿ ಬುಟ್ಟಿ ಇದೆ. ಒಂದರಿಂದ ಇನ್ನೊಂದಕ್ಕೆ ಕೆಲವೇ ಮೈಲಿ ದೂರ.

ಈ ಮೋನೆ ಯಾರು? ಹುಟ್ಟಿದ್ದು 1840ರಲ್ಲಿ ಪ್ಯಾರಿಸ್ಸಿನಲ್ಲಿ, ಬೆಳೆದದ್ದು ಲ ಹಾವ್ರ್ ಎಂಬ ಬಂದರಿನಲ್ಲಿ. ಹಡಗು, ಹಾಯಿ, ನೀರು ಅವನಿಗೆ ಬಾಲ್ಯದಿಂದಲೇ ಪರಿಚಿತ. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿದಾಗ ಲಂಡನ್ನಿಗೆ ಹೋಗಿ ಕುಳಿತ. 1871ರ ಮಾರ್ಚ್ 18ರಿಂದ ಮೇ 28ರವರೆಗೆ ಪ್ಯಾರಿಸ್ಸಿನ ದುಡಿಯುವ ಜನ ತಮ್ಮದೇ ಆಡಳಿತ ಸ್ಥಾಪಿಸಿ ನಡೆಸಿದರಷ್ಟೆ, ಆ ಕಮ್ಯೂನಿನ ಕಾಲದಲ್ಲಿ ಅವನು ಊರಿನಲ್ಲಿರಲಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಸಾವಿರಾರು ಮಂದಿ ಕಾರ್ಮಿಕರನ್ನು ಬೀದಿಗಳಲ್ಲಿ ಗುಂಡಿಟ್ಟು ಕೊಂದು ಕಮ್ಯೂನನ್ನು ಅಡಗಿಸಲಾಯಿತು. ಅದಾದ ಏಳು ತಿಂಗಳಿಗೆ, ಅದೇ ವರ್ಷದ ಡಿಸೆಂಬರಿನಲ್ಲಿ, ಮೋನೆ ಹೆಂಡತಿ ಮಗನೊಡನೆ ಅರ್ಜಾಂತಯ್ ಎಂಬ ಊರಿನಲ್ಲಿ ಬಾಡಿಗೆ ಮನೆ ಹಿಡಿದ. 1878ರವರೆಗೆ ಅಲ್ಲೇ ಇದ್ದ. ಅಲ್ಲಿ ನೂರೈವತ್ತಕ್ಕೂ ಮೇಲೆ ಚಿತ್ರಗಳನ್ನು ಬರೆದ.

ಅರ್ಜಾಂತಯ್ ಪ್ಯಾರಿಸ್ಸಿನಿಂದ ಆರೇಳು ಮೈಲಿ ದೂರದ ಊರು. ದ್ರಾಕ್ಷಿ ತೋಟಗಳು, ಗಾರೆಯ ಪುಡಿ ಮಾಡುವ ಜಿಪ್ಸಂ ಗಣಿಗಳು, ಕಬ್ಬಿಣದ ಕಾರ್ಖಾನೆ, ಇವೆಲ್ಲ ಇದ್ದ ಊರು. ರೈಲು 1851ರಲ್ಲೇ ಬಂದಿತ್ತು. ನದಿ ಅಲ್ಲಿ ಅಗಲವಾಗಿ, ಆಳವಾಗಿ, ನೆಟ್ಟಗೆ ಹರಿಯುವುದರಿಂದ ಹಾಯಿದೋಣಿಗಳ ಪಂದ್ಯಕ್ಕೆ ಹೇಳಿ ಮಾಡಿಸಿದ ಜಾಗ. ಪ್ಯಾರಿಸ್ಸಿನ ಅನುಕೂಲಸ್ಥರು ಭಾನುವಾರ ರೈಲು ಹತ್ತಿದರೆ ಕಾಲು ಗಂಟೆಯಲ್ಲಿ ನದಿಯ ದಂಡೆಯಲ್ಲಿರುತ್ತಿದ್ದರು. ಯುದ್ಧದಲ್ಲಿ ಮುರಿದುಬಿದ್ದ ಸೇತುವೆಯನ್ನು ಮರದ ಕಟ್ಟು ಕಟ್ಟಿ ದುರಸ್ತಿ ಮಾಡುತ್ತಿದ್ದುದನ್ನೂ ಮೋನೆ 1872ರಲ್ಲಿ ಬರೆದಿದ್ದಾನೆ. ಸೇತುವೆ ಎದ್ದಿತು, ಹಾಯಿ ಬಿಚ್ಚಿತು, ಬಂಡವಾಳಗಾರರಿಗೆ ಕಳೆದ ವರ್ಷದ ರಕ್ತ ಮರೆತುಹೋಯಿತು.

ಈಗ ಎಡಗಡೆಯ ಚಿತ್ರಕ್ಕೆ ಬರೋಣ. ನಾವು ಶಾಲೆಯಲ್ಲಿ ಮೇಷ್ಟರಾಗಿದ್ದಾಗ ಮಕ್ಕಳಿಗೆ ಹೊಳೆಯ ಚಿತ್ರ ಬರೆಯಲು ಹೇಳಿದರೆ ಮೂವತ್ತಕ್ಕೆ ಮೂವತ್ತು ಮಕ್ಕಳೂ ನೀರಿಗೆ ನೀಲಿ ಬಳಿಯುತ್ತಿದ್ದರು. ಶಾಲೆಯ ಹಿಂದೆಯೇ ಹರಿಯುತ್ತಿದ್ದ ಹೊಳೆ ಮಳೆಗಾಲದಲ್ಲಿ ಕೆಂಪು, ಬೇಸಿಗೆಯಲ್ಲಿ ಪಾಚಿಯ ಹಸಿರು, ಸಂಜೆ ತಾಮ್ರದ ತಂಬಿಗೆಯ ಬಣ್ಣ. ಮಕ್ಕಳು ಅದನ್ನು ದಿನವೂ ನೋಡುತ್ತಿದ್ದರು, ಆದರೂ ಕಾಗದದ ಮೇಲೆ ನೀಲಿಯೇ. ಏಕೆಂದರೆ ಅವರು ಕಂಡದ್ದನ್ನು ಬರೆಯುತ್ತಿರಲಿಲ್ಲ, ಹೇಳಿಕೊಟ್ಟದ್ದನ್ನು ಬರೆಯುತ್ತಿದ್ದರು. ಆಗ ತಪ್ಪು ಮಕ್ಕಳದಲ್ಲ, ಮೇಷ್ಟರದು.

ಮೋನೆ ಮಾಡಿದ ದೊಡ್ಡ ಕೆಲಸ ಇಷ್ಟೇ: ಹೇಳಿಕೊಟ್ಟದ್ದನ್ನು ಬದಿಗಿಟ್ಟು ಕಂಡದ್ದನ್ನು ಬರೆದ. ನೋಡಿ, ಬಿಳಿ ಹಾಯಿಯ ನೆರಳು ನೀರಿನಲ್ಲಿ ಹಾಯಿಯಾಗಿ ಬಿದ್ದಿಲ್ಲ. ಕೆನೆಬಣ್ಣದ ಹತ್ತಾರು ಅಡ್ಡ ತುಂಡುಗಳಾಗಿ ಒಡೆದಿದೆ. ಬಲದಂಡೆಯ ಮನೆಯ ಕೆಂಪು ನೀರಿನಲ್ಲಿ ಕೆಂಪು ಗೆರೆಗಳಾಗಿ ಚೂರಾಗಿದೆ. ನಡುನಡುವೆ ಹಸಿರು, ನೀಲಿ. ಬಣ್ಣವನ್ನು ತಿಕ್ಕಿ ನುಣುಪು ಮಾಡಿಲ್ಲ, ಬಟ್ಟೆಯ ಮೇಲೆ ಪಟ್ಟೆ ಪಟ್ಟೆಯಾಗಿ ಇಟ್ಟಿದ್ದಾನೆ. ಹತ್ತಿರದಿಂದ ನೋಡಿದರೆ ಬಣ್ಣದ ಮುದ್ದೆಗಳು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ನೀರು ಅಲುಗಾಡುತ್ತದೆ. ನಮ್ಮ ಕಣ್ಣೇ ಆ ಚೂರುಗಳನ್ನು ಕೂಡಿಸಿಕೊಂಡು ನದಿ ಮಾಡುತ್ತದೆ.

ಇದಕ್ಕೆ ಹೊಸ ಕಾಲದ ಸಾಧನಗಳೂ ಒದಗಿಬಂದವು. 1841ರಲ್ಲಿ ರ್‍ಯಾಂಡ್ ಎಂಬ ಅಮೆರಿಕದ ಚಿತ್ರಕಾರ ಬಣ್ಣ ತುಂಬುವ ತವರದ ಕೊಳವೆಯನ್ನು ಕಂಡುಹಿಡಿದ. ಅಲ್ಲಿಯವರೆಗೆ ಬಣ್ಣವನ್ನು ಪ್ರಾಣಿಗಳ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಅದು ಬೇಗ ಒಣಗುತ್ತಿತ್ತು, ಒಡೆಯುತ್ತಿತ್ತು. ಕೊಳವೆ ಬಂದ ಮೇಲೆ ಬಣ್ಣ ಜೇಬಿನಲ್ಲಿ ಹೋಯಿತು, ಚಿತ್ರಕಾರ ಬಯಲಿಗೆ ಹೋದ. ಮೋನೆ ಒಂದು ಹಳೆಯ ದೋಣಿಯ ಮೇಲೆ ಗೂಡು ಕಟ್ಟಿಸಿ, ಅದರಲ್ಲೇ ಕುಳಿತು ನೀರಿನ ಮಟ್ಟದಿಂದ ನೀರನ್ನು ನೋಡಿ ಬರೆಯತೊಡಗಿದ. ಅವನ ಗೆಳೆಯ ಎದುವಾರ್ ಮಾನೆ 1874ರಲ್ಲಿ ಆ ದೋಣಿಯಲ್ಲಿ ಮೋನೆ ಕೆಲಸ ಮಾಡುತ್ತಿರುವ ಚಿತ್ರವನ್ನೇ ಬರೆದ. ಅದರ ಹಿನ್ನೆಲೆಯಲ್ಲಿ ಕಾರ್ಖಾನೆಯ ಹೊಗೆ ಕೊಳವೆಗಳು ನಿಂತಿವೆ. ಈ ಕೊಳವೆಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಸಹಕಾರಿ ಚಳವಳಿಯಲ್ಲಿ ದುಡಿಯುವವರಿಗೆ ಇನ್ನೊಂದು ಸಂಗತಿ ಹೇಳಬೇಕು. ಆಗ ಫ್ರಾನ್ಸಿನಲ್ಲಿ ಚಿತ್ರಕಾರ ಬದುಕಬೇಕಾದರೆ 'ಸಲೋನ್' ಎಂಬ ಸರ್ಕಾರಿ ಪ್ರದರ್ಶನದ ತೀರ್ಪುಗಾರರ ಮರ್ಜಿ ಬೇಕಿತ್ತು. ಅವರ ಬಾಗಿಲು ಕಾದು ಬೇಸತ್ತ ಮೋನೆ, ಪಿಸಾರೊ, ರೆನ್ವಾರ್, ಸಿಸ್ಲಿ ಮೊದಲಾದವರು 1873ರ ಡಿಸೆಂಬರ್ 27ರಂದು ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡರು. ಸಂಘದ ನಿಯಮಾವಳಿಗೆ ಪಿಸಾರೊ ತಂದ ಮಾದರಿ ಯಾವುದು ಗೊತ್ತೆ? ತಾನು ವಾಸವಾಗಿದ್ದ ಪೋಂತ್ವಾಜ್ ಊರಿನ ರೊಟ್ಟಿ ಸುಡುವವರ ಸಂಘದ್ದು! ಸದಸ್ಯರಿಗೆ ವರ್ಷಕ್ಕೆ 60 ಫ್ರಾಂಕು ವಂತಿಗೆ. 1874ರ ಏಪ್ರಿಲ್ 15ರಂದು ನಾದಾರ್ ಎಂಬ ಛಾಯಾಗ್ರಾಹಕನ ಹಳೆಯ ಸ್ಟುಡಿಯೋದಲ್ಲಿ ಮೊದಲ ಪ್ರದರ್ಶನ ತೆರೆಯಿತು. ಹಗಲು ಕೆಲಸಕ್ಕೆ ಹೋಗುವವರೂ ಬರಲೆಂದು ರಾತ್ರಿ 8ರಿಂದ 10ರವರೆಗೂ ತೆರೆದಿಟ್ಟರು. ಆದರೆ ಪ್ರವೇಶ ಶುಲ್ಕ ಒಂದು ಫ್ರಾಂಕು. ಅದು ಪ್ಯಾರಿಸ್ಸಿನ ಕೂಲಿಯವನ ದಿನಗಳಿಕೆಯಲ್ಲಿ ಸುಮಾರು ಐದನೆಯ ಒಂದು ಪಾಲು. ಬಾಗಿಲು ತೆರೆದಿತ್ತು, ಹೊಸ್ತಿಲು ಎತ್ತರವಾಗಿತ್ತು.

ಪತ್ರಿಕೆಗಳು ಗೇಲಿ ಮಾಡಿದವು. ಮೋನೆ ಇಟ್ಟಿದ್ದ ಲ ಹಾವ್ರ್ ಬಂದರಿನ ಸೂರ್ಯೋದಯದ ಚಿತ್ರದ ಹೆಸರಿನಲ್ಲಿ 'ಇಂಪ್ರೆಶನ್' ಎಂಬ ಮಾತಿತ್ತು, ಎಂದರೆ ಮನಸ್ಸಿನ ಮೇಲೆ ಬಿದ್ದ ಅಚ್ಚು. ಲೂಯಿ ಲರ್ವಾ ಎಂಬ ಪತ್ರಕರ್ತ ಆ ಮಾತನ್ನೇ ಹಿಡಿದು ಇವರನ್ನೆಲ್ಲ 'ಇಂಪ್ರೆಶನಿಸ್ಟರು' ಎಂದು ಹಂಗಿಸಿದ. ಬೈಗುಳವೇ ಬಿರುದಾಗಿ ನಿಂತಿತು. ಒಂದು ತಿಂಗಳಲ್ಲಿ ಬಂದವರು ಸುಮಾರು 3,500 ಜನ. ಲೆಕ್ಕ ಮುಗಿಸಿದಾಗ ಪ್ರತಿ ಸದಸ್ಯನ ತಲೆಗೆ 184 ಫ್ರಾಂಕು 50 ಸಾಂತೀಮು ಸಾಲ ಬಂತು. ವರ್ಷ ತುಂಬುವಷ್ಟರಲ್ಲಿ ಸಂಘ ಮುಚ್ಚಿತು. ನಮ್ಮ ಕೆಲವು ಸಹಕಾರ ಸಂಘಗಳ ಕಥೆಯೂ ಇದೇ ಅಲ್ಲವೆ ಎಂದು ಯಾರೋ ನಗುತ್ತಿದ್ದಾರೆ. ನಗಲಿ. ಆದರೆ ಆ ಗೆಳೆಯರು ಮತ್ತೆ ಮತ್ತೆ ಕೂಡಿ 1886ರವರೆಗೆ ಒಟ್ಟು ಎಂಟು ಪ್ರದರ್ಶನ ನಡೆಸಿದರು ಎಂಬುದನ್ನೂ ನೆನೆಯಬೇಕು.

ಇಷ್ಟು ಹೇಳಿದ ಮೇಲೆ ಮೋನೆಯನ್ನು ಬಡ ಹುತಾತ್ಮನೆಂದು ಹೊಗಳುವುದು ನಮ್ಮ ಉದ್ದೇಶವಲ್ಲ. ಅವನು ಸಾಲಗಾರನಾಗಿದ್ದುದು ನಿಜ, ಕೈಬಿಚ್ಚಿ ಖರ್ಚು ಮಾಡುತ್ತಿದ್ದುದೂ ನಿಜ. 1873ರಲ್ಲಿ ಚಿತ್ರ ಮಾರಿ ಬಂದದ್ದು 24,000 ಫ್ರಾಂಕಿಗೂ ಹೆಚ್ಚು. ಆಗ ಪ್ಯಾರಿಸ್ಸಿನ ಕಾರ್ಮಿಕನ ವರ್ಷದ ಗಳಿಕೆ 2,000 ಫ್ರಾಂಕು ಮುಟ್ಟಿದರೆ ದೊಡ್ಡದು.

ಹಾಗಾದರೆ ಆ ಹಾಯಿಗಳ ಕೆಳಗೆ ಹೊಳೆಯುತ್ತಿದ್ದ ನೀರು ಎಂಥದು? ಪ್ಯಾರಿಸ್ ನಗರದ ದೊಡ್ಡ ಚರಂಡಿ ನದಿಗೆ ಸೇರುತ್ತಿದ್ದುದು ಆನಿಯೇರ್ ಮತ್ತು ಕ್ಲಿಶಿ ಎಂಬ ಊರುಗಳ ಹತ್ತಿರ. ಅದು ಅರ್ಜಾಂತಯ್‌ಗಿಂತ ಮೇಲಿನ ಹರಿವಿನಲ್ಲಿದೆ. ಲಕ್ಷಾಂತರ ಜನರ ಕೊಳಚೆ ತೇಲಿಕೊಂಡು ಕೆಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ದಂಡೆಯವರು ಮೂಗು ಮುಚ್ಚಿಕೊಳ್ಳುವ ಪರಿಸ್ಥಿತಿ. ಮೋನೆಯ ಚಿತ್ರದಲ್ಲಿ ವಾಸನೆ ಇಲ್ಲ. ಕಣ್ಣಿಗೆ ಕಂಡದ್ದನ್ನೆಲ್ಲ ಬರೆದವನೂ ದೋಣಿಯನ್ನು ಎತ್ತ ತಿರುಗಿಸಬೇಕೆಂದು ತಾನೇ ಆರಿಸಿಕೊಳ್ಳುತ್ತಿದ್ದ. ಬರೆಯುವ ಕಣ್ಣು ಪ್ರಾಮಾಣಿಕವಾಗಿರಬಹುದು, ಅದು ಎತ್ತ ನೋಡುತ್ತದೆ ಎಂಬುದು ಬೇರೆ ಪ್ರಶ್ನೆ.

ಒಮ್ಮೆ ಮಾತ್ರ ಅವನು ಆ ಕಡೆಗೇ ತಿರುಗಿ ನೋಡಿದ. ಅದೇ ಬಲಗಡೆಯ ಚಿತ್ರ.

ಅರ್ಜಾಂತಯ್‌ನಿಂದ ಪ್ಯಾರಿಸ್ಸಿಗೆ ಹೋಗುವ ರೈಲು ಆನಿಯೇರ್ ಬಳಿ ನದಿಯನ್ನು ದಾಟುತ್ತದೆ. ಮೋನೆ ಆ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವನು. ಕಾರ್ಖಾನೆಗಳ ಕಲ್ಲಿದ್ದಲು ಹೊತ್ತ ಸರಕು ದೋಣಿಗಳು ದಂಡೆಗೆ ಬಂದು ನಿಲ್ಲುತ್ತಿದ್ದುದು ಅಲ್ಲೇ. ಚಿತ್ರ ನೋಡಿ: ಮೇಲೆ ಅಡ್ಡಲಾಗಿ ಸೇತುವೆ. ಅದರ ಮೇಲೆ ಗಾಡಿಗಳು, ನಡೆದುಹೋಗುವ ಜನ. ಕೆಳಗೆ ದೋಣಿಗಳಿಂದ ದಡಕ್ಕೆ ಹಾಸಿದ ಕಿರಿದಾದ ಹಲಗೆಗಳು. ಆ ಹಲಗೆಗಳ ಮೇಲೆ ಹಮಾಲರ ಸಾಲು. ತುಂಬಿದ ಬುಟ್ಟಿ ಹೊತ್ತವರು ದಡದತ್ತ, ಖಾಲಿ ಬುಟ್ಟಿಯವರು ದೋಣಿಯತ್ತ. ಯಾರಿಗೂ ಮುಖವಿಲ್ಲ. ಒಂದೇ ಅಳತೆಯ ಹೆಜ್ಜೆ, ಒಂದೇ ಬಗೆಯ ಬಾಗು. ಹಲಗೆ ಎಷ್ಟು ಕಿರಿದೆಂದರೆ ನಿಲ್ಲುವಂತಿಲ್ಲ, ಪಕ್ಕಕ್ಕೆ ತಿರುಗುವಂತಿಲ್ಲ, ಹಿಂದಿನವನು ಬರುತ್ತಲೇ ಇದ್ದಾನೆ. ನಮ್ಮ ಮಾರುಕಟ್ಟೆ ಅಂಗಳದಲ್ಲಿ ಲಾರಿಯಿಂದ ಗೋದಾಮಿಗೆ ಮೂಟೆ ಹೊರುವ ಸಂಗಾತಿಗಳು ಇಲ್ಲಿ ನಾಲ್ಕಾರು ಜನ ಕುಳಿತಿದ್ದಾರೆ. ಈ ಚಿತ್ರವನ್ನು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಬೆಳಕನ್ನು ಗಮನಿಸಿ. ಎಡಗಡೆಯ ಚಿತ್ರದ ನೀಲಿ ಆಕಾಶ ಇಲ್ಲಿಲ್ಲ. ಬೂದಿ, ಮಾಸಿದ ಹಳದಿ, ಕೊಳೆ ಹಸಿರು ಕಲಸಿದಂಥ ಮಬ್ಬು. ದೂರದಲ್ಲಿ ಹೊಗೆ ಕೊಳವೆಗಳು. ನೀರಿನ ಮೇಲೆ ಬೆಳಕು ಇಲ್ಲಿಯೂ ಇದೆ, ಆದರೆ ಅದನ್ನು ನೋಡುವವರು ಯಾರೂ ಇಲ್ಲ. ಹಲಗೆಯ ಮೇಲಿನವನು ನೀರು ನೋಡಿದರೆ ಕಾಲು ಜಾರುತ್ತದೆ. ಅವನು ನೋಡಬೇಕಾದದ್ದು ಮುಂದಿನವನ ಹಿಮ್ಮಡಿಯನ್ನು.

ಸಂಗಾತಿಗಳೇ, ನಮ್ಮ ಇಡೀ ಭಾಷಣದ ಸಾರ ಈ ಒಂದು ವ್ಯತ್ಯಾಸದಲ್ಲಿದೆ. ಎಡಗಡೆಯ ನದಿಯಲ್ಲೂ ಬಲಗಡೆಯ ನದಿಯಲ್ಲೂ ಹರಿಯುವುದು ಒಂದೇ ನೀರು, ಬೀಳುವುದು ಒಂದೇ ಸೂರ್ಯನ ಬೆಳಕು. ಆ ಬೆಳಕಿಗೆ ಯಾರೂ ಬೇಲಿ ಹಾಕಿಲ್ಲ, ತೆರಿಗೆ ಹಾಕಿಲ್ಲ. ಆದರೂ ಅದು ಹಮಾಲನಿಗೆ ದಕ್ಕಲಿಲ್ಲ. ಅವನಿಂದ ಕಸಿದದ್ದು ಬೆಳಕನ್ನಲ್ಲ, ಬೆಳಕನ್ನು ನೋಡುವ ಹೊತ್ತನ್ನು.

ಇನ್ನೂ ಒಂದು ಮಾತಿದೆ. ಎಡಗಡೆಯ ಚಿತ್ರದ ಬೆಳಕೇ ಬಲಗಡೆಯವರ ದುಡಿಮೆಯಿಂದ ಆದದ್ದು. ಇದು ಅಲಂಕಾರದ ಮಾತಲ್ಲ. ಪ್ಯಾರಿಸ್ಸಿಗರನ್ನು ಭಾನುವಾರ ನದಿಗೆ ತಂದ ರೈಲು ಓಡಿದ್ದು ಕಲ್ಲಿದ್ದಲಿನಿಂದ. ಕಾರ್ಖಾನೆಗಳು ನಡೆದದ್ದೂ ಅದರಿಂದಲೇ. ಆ ಕಲ್ಲಿದ್ದಲು ಹೊಗೆಯಾಗಿ ಆಕಾಶಕ್ಕೇರಿ ಮಬ್ಬಾಗಿ ಇಳಿಯಿತು. ಟರ್ನರ್ ಎಂಬ ಇಂಗ್ಲಿಷ್ ಚಿತ್ರಕಾರನ ಮತ್ತು ಮೋನೆಯ ಚಿತ್ರಗಳನ್ನು ಅಳೆದು ನೋಡಿದ ವಿಜ್ಞಾನಿಗಳು 2023ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಗಾಳಿಯಲ್ಲಿ ಹೊಗೆ ಹೆಚ್ಚಿದಂತೆಲ್ಲ ಇವರ ಚಿತ್ರಗಳಲ್ಲಿ ವಸ್ತುಗಳ ಅಂಚು ಮಂಕಾಗಿ, ಬಣ್ಣ ಬಿಳುಪೇರುತ್ತ ಹೋಯಿತೆಂದು ಅವರು ತೋರಿಸಿದರು. ರಸಿಕರು ಕನಸಿನಂಥ ಮಂಜು ಎಂದು ಹೊಗಳಿದ್ದರಲ್ಲಿ ಒಂದು ಪಾಲು ಹಮಾಲರು ಬುಟ್ಟಿಯಲ್ಲಿ ಹೊತ್ತು ತಂದದ್ದು.

ಹಾಯಿಯ ಬಿಳಿ ಬಣ್ಣದ ಕಥೆ ಇದಕ್ಕಿಂತ ಕಠೋರ. ಮೋನೆ ಬಳಸುತ್ತಿದ್ದ ಬಿಳಿ ಸೀಸದ ಬಿಳಿ. ಸೀಸವನ್ನು ಹುಳಿಯಲ್ಲಿ ಕೊಳೆಸಿ, ಒಣಗಿಸಿ, ಪುಡಿ ಮಾಡಿ ತೆಗೆಯುವ ವಿಷ ಅದು. ಬಲಗಡೆಯ ಚಿತ್ರದ ಎದುರು ದಂಡೆಯ ಕ್ಲಿಶಿ ಊರು ಹತ್ತೊಂಬತ್ತನೆಯ ಶತಮಾನದಲ್ಲಿ ಸೀಸದ ಬಿಳಿಗೇ ಹೆಸರಾಗಿತ್ತು. 'ಕ್ಲಿಶಿಯ ಬಿಳಿ' ಎಂದೇ ಅದನ್ನು ಕರೆಯುತ್ತಿದ್ದರು. ಆ ಪುಡಿ ಉಸಿರಿನಲ್ಲಿ ಹೋದ ಕಾರ್ಮಿಕರಿಗೆ ಹೊಟ್ಟೆಶೂಲೆ ಬರುತ್ತಿತ್ತು, ಮಣಿಕಟ್ಟು ಸೋತು ಕೈ ಜೋಲು ಬೀಳುತ್ತಿತ್ತು, ಕೆಲವರಿಗೆ ಬುದ್ಧಿ ಕೆಡುತ್ತಿತ್ತು, ಕೆಲವರು ಸಾಯುತ್ತಿದ್ದರು. ಗೋಡೆಗೆ ಬಣ್ಣ ಬಳಿಯುವವರಿಗೂ ಇದೇ ಗತಿ. ಅವರ ಸಂಘಗಳು ವರ್ಷಗಟ್ಟಲೆ ಹೋರಾಡಿದ ಮೇಲೆ 1909ರಲ್ಲಿ ಫ್ರಾನ್ಸಿನ ಪಾರ್ಲಿಮೆಂಟು ಮನೆಗಳಿಗೆ ಸೀಸದ ಬಿಳಿ ಬಳಿಯುವುದನ್ನು ನಿಷೇಧಿಸುವ ಶಾಸನ ಮಾಡಿತು. ಅದು ಜಾರಿಗೆ ಬಂದದ್ದು 1915ರಲ್ಲಿ. 1921ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಬಗ್ಗೆ ಒಪ್ಪಂದವನ್ನೇ ತಂದಿತು. ಬಿಳಿ ಹಾಯಿಯ ಹಿಂದೆ ಜೋಲುಬಿದ್ದ ಕೈಗಳಿವೆ ಎಂಬುದನ್ನು ಕಲೆಯ ಪುಸ್ತಕಗಳು ಹೇಳುವುದು ಅಪರೂಪ.

ಇಲ್ಲಿಗೆ ಬಂದಾಗ ನಮ್ಮಲ್ಲೇ ಕೆಲವರು ಅವಸರದ ತೀರ್ಮಾನ ಮಾಡುತ್ತಾರೆ. "ಹಾಗಾದರೆ ಹಾಯಿಯ ಚಿತ್ರ ಉಳ್ಳವರದು, ಅದನ್ನು ಹರಿದುಹಾಕಿ. ಬುಟ್ಟಿಯ ಚಿತ್ರ ನಮ್ಮದು, ಅದನ್ನು ಮಾತ್ರ ಇಟ್ಟುಕೊಳ್ಳಿ" ಎನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ. ಬುಟ್ಟಿ ಹೊತ್ತವನ ಮನೆಯಲ್ಲಿ ಗೋಡೆಗೆ ಚಿತ್ರ ಹಾಕುವುದಾದರೆ ಅವನು ಬುಟ್ಟಿಯ ಚಿತ್ರ ಹಾಕುತ್ತಾನೆಯೆ? ಹನ್ನೆರಡು ಗಂಟೆ ಬುಟ್ಟಿಯನ್ನೇ ನೋಡಿದವನಿಗೆ ಮನೆಯಲ್ಲೂ ಬುಟ್ಟಿಯೇ ಇರಲಿ ಎನ್ನುವುದು ಸಮಾಜವಾದವಲ್ಲ, ಅದು ಇನ್ನೊಂದು ಬಗೆಯ ದಬ್ಬಾಳಿಕೆ. ಅವನಿಗೆ ಹಾಯಿ ಬೇಕು, ಗಾಳಿ ಬೇಕು, ನದಿಯ ದಂಡೆಯಲ್ಲಿ ಕಾಲು ನೀಡಿ ಕೂರುವ ಒಂದು ಮಧ್ಯಾಹ್ನ ಬೇಕು. ಎಡಗಡೆಯ ಚಿತ್ರವನ್ನು ಉಳ್ಳವರಿಗೆ ಬಿಟ್ಟುಕೊಟ್ಟರೆ ಆ ಮಧ್ಯಾಹ್ನವನ್ನೂ ಬಿಟ್ಟುಕೊಟ್ಟಂತೆ.

ಇದನ್ನು ಅರಿತ ಚಿತ್ರಕಾರನೂ ಒಬ್ಬನಿದ್ದ. 1884ರಲ್ಲಿ ಜಾರ್ಜ್ ಸ್ಯೂರಾ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕ 'ಆನಿಯೇರ್‌ನಲ್ಲಿ ಸ್ನಾನ' ಎಂಬ ಚಿತ್ರ ಬರೆದ. ಎರಡು ಮೀಟರ್ ಎತ್ತರ, ಮೂರು ಮೀಟರ್ ಅಗಲ. ಆ ಕಾಲದಲ್ಲಿ ಅಷ್ಟು ದೊಡ್ಡ ಬಟ್ಟೆಯ ಮೇಲೆ ರಾಜರನ್ನೂ ದೇವತೆಗಳನ್ನೂ ಯುದ್ಧಗಳನ್ನೂ ಬರೆಯುವುದು ರೂಢಿ. ಸ್ಯೂರಾ ಬರೆದದ್ದು ನೀರಿಗೆ ಇಳಿದಿರುವ, ದಂಡೆಯ ಹುಲ್ಲಿನಲ್ಲಿ ಸುಮ್ಮನೆ ಕುಳಿತಿರುವ ದುಡಿಯುವ ಹುಡುಗರನ್ನು. ದೂರದಲ್ಲಿ ಹಾಯಿದೋಣಿಗಳು, ಅದರಾಚೆ ಸೇತುವೆ, ಕ್ಲಿಶಿಯ ಕಾರ್ಖಾನೆಗಳ ಕೊಳವೆಗಳು. ಮೋನೆ ಹಮಾಲರನ್ನು ಕಂಡ ಅದೇ ಆನಿಯೇರ್! ಹಲಗೆಯ ಮೇಲೆ ಬಾಗಿ ನಡೆದವರು ಇಲ್ಲಿ ಬೆನ್ನು ನೆಟ್ಟಗೆ ಮಾಡಿ ಕುಳಿತು ನೀರು ನೋಡುತ್ತಿದ್ದಾರೆ ಎನ್ನಿಸುತ್ತದೆ. ಸಲೋನಿನ ತೀರ್ಪುಗಾರರು ಆ ಚಿತ್ರವನ್ನು ತಿರಸ್ಕರಿಸಿದರು. ಇಂದು ಅದು ಲಂಡನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ.

ಚಿತ್ರದಲ್ಲಿ ಕೂರಿಸುವುದು ಸುಲಭ, ನಿಜವಾದ ದಂಡೆಯ ಮೇಲೆ ಕೂರಿಸಲು ಹೋರಾಟ ಬೇಕಾಯಿತು. ಅದರ ಲೆಕ್ಕವನ್ನು ಬರೆದುಕೊಳ್ಳಿ. 1848ರ ಶಾಸನದ ಪ್ರಕಾರ ಫ್ರಾನ್ಸಿನ ಕಾರ್ಖಾನೆಗಳಲ್ಲಿ ದಿನದ ದುಡಿಮೆಯ ಮಿತಿ 12 ಗಂಟೆ. 1906ರ ಮಾರ್ಚ್ 10ರಂದು ಕೂರಿಯೇರ್ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 1,099 ಮಂದಿ ಸತ್ತರು, ದೇಶದಲ್ಲಿ ಮುಷ್ಕರಗಳೆದ್ದವು. ಅದೇ ವರ್ಷದ ಜುಲೈ 13ರಂದು ವಾರಕ್ಕೊಂದು ದಿನ ಬಿಡುವು ಕೊಡುವ ಶಾಸನ ಬಂತು. ಯೋಚಿಸಿ, ಮೋನೆ ಭಾನುವಾರದ ಹಾಯಿ ಬರೆದು ಮೂವತ್ತನಾಲ್ಕು ವರ್ಷವಾದ ಮೇಲೆ ಭಾನುವಾರವೆಂಬುದು ಕಾರ್ಮಿಕನ ಹಕ್ಕಾಯಿತು. 1919ರಲ್ಲಿ ದಿನಕ್ಕೆ 8 ಗಂಟೆ. 1936ರಲ್ಲಿ ಸಮಾಜವಾದಿ ನಾಯಕ ಲೆಯೋಂ ಬ್ಲೂಮ್ ಪ್ರಧಾನಿಯಾದಾಗ, ಸುಮಾರು 20 ಲಕ್ಷ ಕಾರ್ಮಿಕರ ಮುಷ್ಕರದ ಒತ್ತಡದಲ್ಲಿ, ವಾರಕ್ಕೆ 40 ಗಂಟೆ ಮತ್ತು ವರ್ಷಕ್ಕೆ ಎರಡು ವಾರ ಸಂಬಳ ಸಹಿತ ರಜೆ ಶಾಸನವಾಯಿತು. ಆ ಬೇಸಿಗೆಯಲ್ಲಿ ರಿಯಾಯಿತಿ ದರದ ರೈಲು ಟಿಕೆಟು ಪಡೆದು ಹೊರಟವರು ಸುಮಾರು 6 ಲಕ್ಷ ಜನ. ಸೈಕಲ್ ಹತ್ತಿ ಹೊಳೆಯ ದಂಡೆಗೆ ಹೋದವರ ಲೆಕ್ಕ ಬೇರೆ. ಸ್ಯೂರಾನ ಚಿತ್ರ ಬಟ್ಟೆಯಿಂದ ಇಳಿದು ನೆಲಕ್ಕೆ ಬರಲು ಐವತ್ತೆರಡು ವರ್ಷ ಹಿಡಿಯಿತು.

ದುಡಿಮೆಯ ದಿನದ ಬಗ್ಗೆ ಒಂದು ದೀರ್ಘ ಅಧ್ಯಾಯವನ್ನೇ ಬರೆದ ಕಾರ್ಲ್ ಮಾರ್ಕ್ಸ್ 1882ರ ಬೇಸಿಗೆಯನ್ನು ಕಳೆದದ್ದು ಇದೇ ಅರ್ಜಾಂತಯ್‌ನಲ್ಲಿ ಎಂಬ ಸಂಗತಿ ನಮ್ಮಲ್ಲಿ ಬಹಳ ಜನಕ್ಕೆ ತಿಳಿದಿಲ್ಲ. ಆತನ ಹಿರಿಯ ಮಗಳು ಜೆನ್ನಿ, ಕಮ್ಯೂನಿನಲ್ಲಿ ಹೋರಾಡಿದ್ದ ಗಂಡ ಶಾರ್ಲ್ ಲೋಂಗೇ ಮತ್ತು ಮಕ್ಕಳೊಡನೆ ಆ ಊರಿನಲ್ಲಿ ನೆಲೆಸಿದ್ದಳು. ಹೆಂಡತಿಯನ್ನು ಕಳೆದುಕೊಂಡು, ಶ್ವಾಸಕೋಶದ ಕಾಯಿಲೆಯಿಂದ ಬಳಲುತ್ತಿದ್ದ ಮುದುಕ ಮೊಮ್ಮಕ್ಕಳ ಜೊತೆ ಕೆಲವು ವಾರ ಕಳೆಯಲು ಬಂದಿದ್ದ. ಮೋನೆ ಆ ಊರು ಬಿಟ್ಟು ಆಗ ನಾಲ್ಕು ವರ್ಷವಾಗಿತ್ತು. 1883ರ ಜನವರಿ 11ರಂದು ಜೆನ್ನಿ ಅಲ್ಲೇ ತೀರಿಕೊಂಡಳು, ಮಾರ್ಚ್ 14ರಂದು ಲಂಡನ್ನಿನಲ್ಲಿ ಮಾರ್ಕ್ಸ್ ತೀರಿಕೊಂಡ. ಜೀವಮಾನವೆಲ್ಲ ಕೆಲಸದ ಗಂಟೆಗಳನ್ನು ಎಣಿಸಿದವನಿಗೂ ಕೊನೆಯಲ್ಲಿ ಬೇಕಾದದ್ದು ಮಕ್ಕಳ ನಡುವೆ ಬಿಡುವಿನ ನಾಲ್ಕು ದಿನ. ಅದು ಎಲ್ಲ ಮನುಷ್ಯರಿಗೂ ಬೇಕಾದದ್ದೇ.

ಮೋನೆ ಸೋಮಾರಿಯಾಗಿದ್ದನೆಂದು ಯಾರೂ ತಿಳಿಯಬಾರದು. 1896-97ರಲ್ಲಿ ಅವನು ಸೇನ್ ನದಿಯ ಮುಂಜಾವಿನ ಚಿತ್ರಗಳ ಒಂದು ಮಾಲೆಯನ್ನೇ ಬರೆದ. ಬೆಳಗಿನ ಜಾವ ಮೂರೂವರೆಗೆ ಎದ್ದು, ಚಪ್ಪಟೆ ತಳದ ದೋಣಿಯಲ್ಲಿ ಕುಳಿತು, ಬೆಳಕು ಬದಲಾದಂತೆಲ್ಲ ಒಂದು ಚಿತ್ರ ಬಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಿದ್ದ. ಒಂದೇ ಕಾಲಕ್ಕೆ ಹದಿನಾಲ್ಕು ಚಿತ್ರ ಸಾಗುತ್ತಿದ್ದವು. ಅವುಗಳನ್ನು ಬಿಚ್ಚಿ ಕೊಡಲು ತೋಟದ ಆಳೂ ಬರುತ್ತಿದ್ದ. ಆ ಆಳೂ ಮೂರೂವರೆಗೇ ಎದ್ದಿರಬೇಕಲ್ಲ! ಅವನ ಕಣ್ಣಿಗೂ ಅದೇ ಮುಂಜಾವಿನ ನದಿ ಬಿದ್ದಿತು. ಅವನಿಗೆ ಅದು ಹೇಗೆ ಕಂಡಿತೆಂದು ಯಾರೂ ಕೇಳಲಿಲ್ಲ.

ನಮ್ಮ ನಾಡಿಗೆ ಸಂಬಂಧಿಸಿದ ಒಂದು ಅಂಕೆ ಹೇಳಿ ಮುಗಿಸುತ್ತೇವೆ. 2023ರ ಫೆಬ್ರವರಿಯಲ್ಲಿ ಕರ್ನಾಟಕದ ವಿಧಾನಸಭೆ 1948ರ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ಒಪ್ಪಿತು. ದಿನಕ್ಕೆ 9 ಗಂಟೆಯಿದ್ದ ಮಿತಿಯನ್ನು, ವಾರಕ್ಕೆ 48 ಗಂಟೆ ಮೀರಬಾರದೆಂಬ ಷರತ್ತಿನೊಡನೆ, 12 ಗಂಟೆಯವರೆಗೆ ಏರಿಸಲು ಅದು ದಾರಿ ಮಾಡಿತು. ನಾಲ್ಕು ದಿನ ದುಡಿದು ಮೂರು ದಿನ ಬಿಡುವು ಎಂದು ಅದನ್ನು ಸಮರ್ಥಿಸಿದರು. ಕಾಗದದ ಮೇಲೆ ಲೆಕ್ಕ ಸರಿಯಾಗಿದೆ. ಆದರೆ ಹನ್ನೆರಡನೆಯ ಗಂಟೆಯ ದುಡಿಮೆ ಮಾಡುವುದು ಕಾಗದವಲ್ಲ, ಮೈ. ಕೆಲಸಕ್ಕೆ ಹೋಗಿ ಬರುವ ದಾರಿಯನ್ನೂ ಸೇರಿಸಿದರೆ ಆ ನಾಲ್ಕು ದಿನ ಮನುಷ್ಯ ಮನೆಯಲ್ಲಿ ಮಲಗಲು ಮಾತ್ರ ಇರುತ್ತಾನೆ. ಫ್ರಾನ್ಸ್ 1848ರಲ್ಲಿ ಬರೆದ ಅಂಕೆಯನ್ನು ನಾವು 175 ವರ್ಷದ ಮೇಲೆ ನಕಲು ಮಾಡಿದೆವು!

ಮಧ್ಯಾಹ್ನ ಪ್ರಶ್ನೆ ಕೇಳಿದ ಹಿರಿಯ ಸಂಗಾತಿಗೆ ಈಗ ಉತ್ತರ ಹೇಳಬಹುದು. ಹೊಟ್ಟೆಯ ಪ್ರಶ್ನೆ ಮೊದಲನೆಯದು, ನಿಜ. ಅದಕ್ಕಾಗಿ ನಾವು ಕೂಲಿ ಹೆಚ್ಚಿಸಿ ಎಂದು ಕೇಳುತ್ತೇವೆ. ಆದರೆ ಗಂಟೆ ಕಡಿಮೆ ಮಾಡಿ ಎಂದು ಕೇಳುವಾಗ ನಾವು ಕೇಳುವುದೇನು? ಬರೀ ನಿದ್ದೆಯನ್ನೆ? ಅಲ್ಲ. ಮಗನ ಪಾಠ ಕೇಳುವ ಹೊತ್ತು, ಹೆಂಡತಿಯೊಡನೆ ಎರಡು ಮಾತಾಡುವ ಹೊತ್ತು, ಸಂಘದ ಸಭೆಗೆ ಬರುವ ಹೊತ್ತು, ಸಂಜೆಯ ಹೊಳೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ನಿಂತು ನೋಡುವ ಹೊತ್ತು. ಬೇಡಿಕೆಯ ಪಟ್ಟಿಯಲ್ಲಿ ಇದನ್ನೆಲ್ಲ ಬರೆಯಲಾಗುವುದಿಲ್ಲ, ಅಲ್ಲಿ 'ಎಂಟು ಗಂಟೆ' ಎಂಬ ಅಂಕೆ ಮಾತ್ರ ಇರುತ್ತದೆ. ಆ ಅಂಕೆಯ ಹಿಂದೆ ಇರುವುದು ಎಡಗಡೆಯ ಚಿತ್ರ. ಆ ಅಂಕೆಯನ್ನು ನಾವೇಕೆ ಬಿಡಬಾರದು ಎಂಬುದಕ್ಕೆ ಸಾಕ್ಷಿ ಬಲಗಡೆಯ ಚಿತ್ರ. ಅದಕ್ಕೇ ಎರಡನ್ನೂ ಒಂದೇ ಗೋಡೆಗೆ ಅಂಟಿಸಿದ್ದೇವೆ.

ನಾಳೆ ಬೆಳಿಗ್ಗೆ ಏಳು ಗಂಟೆಗೆ ಹಮಾಲರ ಸಂಘದ ಸಭೆ ಇದೆ. ಅಲ್ಲಿಗೂ ಈ ಎರಡು ಚಿತ್ರಗಳನ್ನು ಒಯ್ಯುತ್ತೇವೆ. ಹಲಗೆಯ ಮೇಲಿನವರು ನಡೆಯುವ ರೀತಿ ಸರಿಯಾಗಿದೆಯೆ, ಬುಟ್ಟಿ ಹಿಡಿದ ಕೈ ಸರಿಯಾಗಿದೆಯೆ ಎಂದು ಅವರನ್ನೇ ಕೇಳಬೇಕೆಂದಿದ್ದೇವೆ. ಈ ಚಿತ್ರದ ವಿಮರ್ಶೆಗೆ ಅವರಿಗಿಂತ ಅರ್ಹರು ಇನ್ನಾರು?

 ಊಟಕ್ಕೆ ಏಳುವ ಮುನ್ನ ಪ್ರಶ್ನೆಗಳಿದ್ದರೆ ಕೇಳಿ.